ತೂಕ ಇಳಿಯಲಿ, ಕಸುವು ಇಳಿಯದಿರಲಿ

ಮಾನ್ಯರೆ,

ನಿಮ್ಮ ಪುರವಣಿಯಲ್ಲಿ ತೂಕ ಇಳಿಸುವ ಬರಹಗಳು ಬರುತ್ತಲೇ ಇರುತ್ತವೆ. ಕಡಿಮೆ ತಿನ್ನಿ, ಜಾಸ್ತಿ ನಡೆಯಿರಿ ಅಷ್ಟೇ. ಹಾಗೆ ಅರೆಹೊಟ್ಟೆಯಲ್ಲಿ ಬರೀ ನಡೆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ಯಾಕೆ ಬರೆಯುವುದಿಲ್ಲ?

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ನಮ್ಮ ಪಾರ್ಕಿನ ಗೆಳೆಯರು ರಾತ್ರಿ ಊಟ ಬಿಟ್ಟು ಎರಡು ಬಿಸ್ಕತ್ತು ತಿಂದು ಮಲಗುತ್ತಾರೆ. ತೂಕ ಇಳಿದಿದೆ ಅಂತ ಖುಷಿಯೋ ಖುಷಿ. ಆದರೆ ಕಲ್ಲುಬೆಂಚಿನಿಂದ ಏಳಲು ಮಂಡಿ ಮೇಲೆ ಕೈ ಊರಬೇಕು!

ಮಾಂಸಖಂಡ ಉಳಿಯಬೇಕಾದರೆ ಊಟದಲ್ಲಿ ಸಾಕಷ್ಟು ಪ್ರೋಟೀನ್ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ತೂಕ ಇಳಿಸುವಾಗ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. 100 ಗ್ರಾಂ ಒಣ ಹುರುಳಿಕಾಳಿನಲ್ಲಿ 20 ಗ್ರಾಂಗೂ ಮೇಲಿದೆ. ಮುದ್ದೆ ಬಿಡಿ ಅನ್ನುತ್ತಿಲ್ಲ. ಮುದ್ದೆ ಕೊಂಚ ಚಿಕ್ಕದಾಗಲಿ, ಬಸ್ಸಾರಿನ ಜೊತೆಗಿನ ಕಾಳುಪಲ್ಯ ಎರಡು ಸೌಟು ಹೆಚ್ಚಲಿ. (ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಿ.)

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯ ಜೊತೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅನ್ನುತ್ತದೆ. ಅದಕ್ಕೆ ಜಿಮ್ಮೇ ಬೇಕು ಅಂತೇನಿಲ್ಲ. ಬಸ್ಕಿ, ದಂಡ ಇವೆಯಲ್ಲ! ದಂಡ ಆಗದವರು ಗೋಡೆಗೆ ಕೈ ಕೊಟ್ಟು ಮಾಡಲಿ.

ಒಂದು ವಾರ ನಟಿಯರ ಡಯಟ್ ಬದಿಗಿಟ್ಟು, ಬಸ್ಕಿ ಹೊಡೆಯುವ ಸರಿಯಾದ ಕ್ರಮವನ್ನು ಚಿತ್ರಸಮೇತ ಹಾಕಿ. ಕತ್ತರಿಸಿ ಪಾರ್ಕಿನ ಬೋರ್ಡಿಗೆ ಅಂಟಿಸುವ ಕೆಲಸ ನನ್ನದು.

– ನಿವೃತ್ತ ದೈಹಿಕ ಶಿಕ್ಷಕ, ತುಮಕೂರು