ಫೊಯರ್‌ಫೆರ್‌ತ್ಸಿಂಕ್ಟ್ ಎಂಬ ಪದದ ಬೆಂಕಿ

ಪ್ರಿಯ ಗೆಳೆಯ,

ನೀನು ಅನುವಾದಿಸುತ್ತಿರುವ ಜರ್ಮನ್ ಕೈಪಿಡಿಯಲ್ಲಿ ಬೇಲಿಯ ಕಂಬಗಳಿಗೆ ‘ಫೊಯರ್‌ಫೆರ್‌ತ್ಸಿಂಕ್ಟ್’ ಎಂಬ ವಿಶೇಷಣವಿದೆ ಎಂದೂ, ಅದನ್ನು ‘ಬೆಂಕಿಯಲ್ಲಿ ಸತು ಬಳಿದ’ ಎಂದು ಬರೆದರೆ ಸರಿಯೇ ಎಂದೂ ಕೇಳಿದ್ದೀಯೆ. ಆ ಬೆಂಕಿಯನ್ನು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪದವನ್ನು ಕೊನೆಯಿಂದ ಬಿಡಿಸೋಣ. ಕಡೆಯ ‘ಟ್’ ಕೃದಂತದ ಪ್ರತ್ಯಯ. ನಮ್ಮ ‘ಬಳಿದ’ದಲ್ಲಿರುವ ‘ದ’ ಇದ್ದಂತೆ. ‘ಫೆರ್’ ಎಂಬ ಉಪಸರ್ಗ ಲೋಹದ ಹೆಸರಿಗೆ ಸೇರಿದಾಗ ಆ ಲೋಹವನ್ನು ಲೇಪಿಸುವ ಅರ್ಥ ಹುಟ್ಟುತ್ತದೆ. ಚಿನ್ನದ ಲೇಪ ಕೊಡುವುದಕ್ಕೆ ‘ಫೆರ್‌ಗೋಲ್ಡನ್’ ಎನ್ನುವುದು ಹೀಗೆಯೇ. ‘ತ್ಸಿಂಕ್’ ಎಂದರೆ ಸತು. 16ನೆಯ ಶತಮಾನದಲ್ಲಿ ವೈದ್ಯ ಪ್ಯಾರಾಸೆಲ್ಸಸ್ ಬರೆದ ‘ತ್ಸಿಂಕನ್’ ಎಂಬ ಹೆಸರು, ಕವೆಗೋಲಿನ ಮೊನೆಗೆ ಹೇಳುವ ‘ತ್ಸಿಂಕೆ’ಯಿಂದ ಬಂದಿರಬೇಕೆಂದು, ಕುಲುಮೆಯಲ್ಲಿ ಈ ಲೋಹ ಮೊನೆಮೊನೆಯಾಗಿ ಹೆಪ್ಪುಗಟ್ಟುವುದನ್ನು ನೆನೆದು, ಭಾಷಾವಿದ್ವಾಂಸರು ಊಹಿಸುತ್ತಾರೆ.

ಇನ್ನು ‘ಫೊಯರ್’, ಅಂದರೆ ಬೆಂಕಿ. ಆದರೆ ಕಂಬಕ್ಕೆ ಜ್ವಾಲೆ ಸೋಕುವುದೇ ಇಲ್ಲ. ಆಮ್ಲದಲ್ಲಿ ತೊಳೆದ ಕಬ್ಬಿಣವನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ನಿಂತ ಸತುವಿನ ತೊಟ್ಟಿಗೆ ಅದ್ದುತ್ತಾರೆ. ಅಲ್ಲಿ ಎರಡು ಲೋಹಗಳೂ ಬೆರೆತು, ಸುಲಭಕ್ಕೆ ಕಿತ್ತು ಬಾರದ ಮಿಶ್ರಲೋಹದ ಪದರವಾಗುತ್ತದೆ. ಹಳೆಯ ತಗಡಿನ ಬಕೇಟಿನ ಮೇಲೆ ಹಿಮದ ಎಸಳುಗಳಂತೆ ಮಿನುಗುವ ಚಿತ್ತಾರವನ್ನು ನೀನು ನೋಡಿರುತ್ತೀಯೆ. ಸತು ತಣಿಯುವಾಗ ಮೂಡಿದ ಆ ಹರಳುಗಳಿಗೆ ಜರ್ಮನರು ‘ತ್ಸಿಂಕ್‌ಬ್ಲೂಮೆ’, ಸತುವಿನ ಹೂವು, ಎನ್ನುತ್ತಾರೆ. ನನಗಂತೂ ಇದು ಬಹಳ ಇಷ್ಟವಾದ ಹೆಸರು. ಪಾದರಸದಲ್ಲಿ ಬೆರೆಸಿದ ಚಿನ್ನವನ್ನು ಬಳಿದು, ಕಾಯಿಸಿ, ಪಾದರಸವನ್ನು ಆವಿಯಾಗಿಸುವ ಹಳೆಯ ಲೇಪನ ಕ್ರಮಕ್ಕೂ ಅವರಲ್ಲಿ ‘ಫೊಯರ್’ ಎಂಬ ಇದೇ ಪೂರ್ವಪದವಿದೆ. ಎರಡರಲ್ಲೂ ಅದು ಶಾಖದಿಂದ ಮಾಡಿದ ಕೆಲಸವೆಂಬುದನ್ನಷ್ಟೇ ಹೇಳುತ್ತದೆ.

ನಮ್ಮ ‘ಜಿ.ಐ. ಪೈಪಿ’ನಲ್ಲಿರುವ ‘ಜಿ’, ಅಂದರೆ ಇಂಗ್ಲಿಷಿನ ‘ಗ್ಯಾಲ್ವನೈಸ್ಡ್’, ಮಾತ್ರ ಬೇರೆ ದಾರಿಯಲ್ಲಿ ಬಂದದ್ದು. 1837ರಲ್ಲಿ ಫ್ರಾನ್ಸಿನ ಸೊರೆಲ್, ಅದ್ದುವ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ, ವಿದ್ಯುತ್ತಿನ ಪ್ರಯೋಗಗಳಿಂದ ಹೆಸರಾದ ಗಾಲ್ವಾನಿಯ ಹೆಸರನ್ನು ಅದಕ್ಕೆ ಕೊಟ್ಟ. ಆದರೆ ಜರ್ಮನ್ ಭಾಷೆಯಲ್ಲಿ ‘ಗಾಲ್ವಾನಿಶ್ ಫೆರ್‌ತ್ಸಿಂಕ್ಟ್’ ಎಂದರೆ ವಿದ್ಯುತ್ತಿನಿಂದ ಸತು ಕೂರಿಸಿದ್ದು, ಪದರವೂ ಬಹಳ ತೆಳು. ನಿನ್ನ ಕೈಪಿಡಿಯ ಬೋಲ್ಟುಗಳಿಗೆ ಈ ಪದವಿದ್ದರೆ, ಅದಕ್ಕೂ ಕಂಬಗಳಿಗೂ ಒಂದೇ ಕನ್ನಡ ಪದ ಹಾಕಬೇಡ. ಮಳೆಯಲ್ಲಿ ಯಾವುದು ಹೆಚ್ಚು ಕಾಲ ತುಕ್ಕು ತಡೆಯುತ್ತದೆ ಎಂಬುದು ಆ ವ್ಯತ್ಯಾಸದಲ್ಲೇ ಇದೆ. ಕಂಬಗಳಿಗೆ ‘ಕರಗಿದ ಸತುವಿನಲ್ಲಿ ಅದ್ದಿದ’ ಎಂದು ಬರೆ.

ನಿನ್ನ ಗೆಳೆಯ