ಎತ್ತರ ನೋಡುವ ಮುನ್ನ ಕಣ್ಣು ನೋಡಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ಕೂರಿಸುವುದು ರೂಢಿ. ಹಾಗೆ ಹಿಂದಿನ ಬೆಂಚಿಗೆ ಹೋದ ಎತ್ತರದ ಹುಡುಗಿಯೊಬ್ಬಳು ಕಣ್ಣು ಕಿರಿದಾಗಿಸಿಕೊಂಡು ಹಲಗೆ ನೋಡುತ್ತಿದ್ದುದನ್ನು ಅಲಕ್ಷ್ಯವೆಂದು ತಿಳಿದು, ಅರ್ಧ ವರ್ಷ ಗದರಿದ ನೋವು ನನ್ನಲ್ಲಿ ಇಂದಿಗೂ ಉಳಿದಿದೆ. ಹತ್ತನೇ ತರಗತಿಗೆ ದೃಷ್ಟಿದೋಷಗಳ ಪಾಠ ಮಾಡುತ್ತಿದ್ದವಳೂ ನಾನೇ. ಪರೀಕ್ಷೆ ಮಾಡಿಸಿದಾಗ ಅವಳ ನಂಬರು ಮೈನಸ್ 2 ಎಂದು ತಿಳಿಯಿತು. ಅಂದರೆ ಅರ್ಧ ಮೀಟರಿನಾಚೆಯ ಯಾವುದೂ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಆ ಮಗು ಕಣ್ಣು ಕಿರಿದಾಗಿಸಿದ್ದಕ್ಕೆ ಬೆಳಕಿನ ನಿಯಮದಲ್ಲೇ ಕಾರಣವಿದೆ. ಅವಳಿಗಿದ್ದಂಥ, ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷದಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ತುಸು ಉದ್ದವಾಗಿ ಬೆಳೆದಿರುವುದರಿಂದ, ದೂರದಿಂದ ಬಂದ ಕಿರಣಗಳು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಮತ್ತು ಒಳಗಿನ ಮಸೂರದಲ್ಲಿ ಬಾಗಿ, ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿ, ಮತ್ತೆ ಹರಡಿ, ಬಿಂದುವಾಗಬೇಕಾದದ್ದು ಮಸುಕಾದ ವೃತ್ತವಾಗಿ ಬೀಳುತ್ತದೆ. ರೆಪ್ಪೆಗಳ ನಡುವಿನ ಸಂದು ಕಿರಿದಾದಾಗ ಒಳಹೋಗುವ ಕಿರಣಗಳ ಕಟ್ಟು ತೆಳುವಾಗಿ ಆ ಮಸುಕು ಕುಗ್ಗುತ್ತದೆ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಅದರ ಮೂಲಕ ನೋಡಿದರೂ ಹೀಗೆಯೇ ಆಗುತ್ತದೆ. ಅಕ್ಷರ ತಿಳಿಯಾದರೆ, ಆ ತೊಂದರೆ ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವಂಥದ್ದು. ಕನ್ನಡಕದ ನಿಮ್ನ (ನಡುವೆ ತೆಳುವಾದ) ಮಸೂರವು ಕಿರಣಗಳನ್ನು ಮೊದಲೇ ಸ್ವಲ್ಪ ಹರಡಿ ಒಳಬಿಡುವುದರಿಂದ ಅವು ಅಕ್ಷಿಪಟಲದ ಮೇಲೆಯೇ ಕೂಡುತ್ತವೆ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ, ಹೆಣ್ಣುಮಗುವಿನ ಮದುವೆಗೆ ಅಡ್ಡಿಯಾಗುತ್ತದೆ ಎಂದು ಅವಳ ತಾಯಿ ಅಂಜಿದ್ದರು. ನಂಬರು ಏರುವುದು ಮಗುವಿನ ಕಣ್ಣುಗುಡ್ಡೆ ಬೆಳೆಯುವುದರಿಂದಲೇ ಹೊರತು ಕನ್ನಡಕದಿಂದಲ್ಲ ಎಂಬುದನ್ನು ಅವರಿಗೆ ಮನದಟ್ಟು ಮಾಡಲು ನಾನು ಎರಡು ಬಾರಿ ಮನೆಗೆ ಹೋಗಬೇಕಾಯಿತು. ಹಗಲಿನಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಈ ದೋಷ ತೋರುವುದು ಕಡಿಮೆ. ಆದ್ದರಿಂದ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಅಭ್ಯಾಸವೂ ನಿಲ್ಲಬೇಕು.

ಶಾಲೆಗಳು ತೆರೆದ ಮೊದಲ ವಾರದಲ್ಲೇ, ಜಾಗ ಗೊತ್ತುಮಾಡುವ ಮುನ್ನ, 6 ಮೀಟರ್ ದೂರದಲ್ಲಿ ಸಾಲುಸಾಲಾಗಿ ಕಿರಿದಾಗುವ ಅಕ್ಷರಗಳ ಸ್ನೆಲನ್ ಪಟ ತೂಗುಹಾಕಿ ಪ್ರತಿ ಮಗುವಿನ ಕಣ್ಣು ನೋಡಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ. ಒಂದು ಕಣ್ಣು ಮುಚ್ಚಿಸಿ ಇನ್ನೊಂದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು, ಏಕೆಂದರೆ ಒಂದು ಕಣ್ಣು ಚೆನ್ನಾಗಿರುವ ಮಗುವಿಗೆ ಇನ್ನೊಂದು ಮಂದವಾಗಿರುವುದು ತಿಳಿಯುವುದೇ ಇಲ್ಲ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು