ಮನೆ ಬದಲಾಯಿತು, ಡೇ ಕೇರ್ ನಿಲ್ಲಲಿಲ್ಲ: ನಿಮಗೆಲ್ಲ ಥ್ಯಾಂಕ್ಸ್

ಹೊಸ ಮನೆಗೆ ಬಂದು ಸೇರಿದ್ದೇವೆ. ಮನೆಯಲ್ಲೇ ನಾನು ನಡೆಸುವ ಡೇ ಕೇರ್‌ಗೆ ನಿಮ್ಮ ಮಕ್ಕಳೂ ಬರುತ್ತಿದ್ದಾರೆ. ಹಳೇ ಮನೆ ಯಾಕೆ ಬಿಡಬೇಕಾಯಿತು, ಎಷ್ಟು ಅವಸರದಲ್ಲಿ ಬಿಡಬೇಕಾಯಿತು ಅನ್ನೋದು ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಕೆದಕುವುದಿಲ್ಲ.

ಮನೆ ಖಾಲಿ ಮಾಡುವುದು ಯಾರಿಗಾದರೂ ಕಷ್ಟವೇ. ಆದರೆ ದೊಡ್ಡವರಾದರೆ ಬಾಕ್ಸ್‌ಗಳ ಮಧ್ಯೆ ಹೇಗೋ ದಿನ ದೂಡುತ್ತಾರೆ. ತೆವಳುವ ಮಗು ಬರುವ ಮನೆಯಲ್ಲಿ ಅದು ನಡೆಯಲ್ಲ. ನಾನು ರಜೆ ಕೊಟ್ಟರೆ ನೀವೂ ಕೆಲಸಕ್ಕೆ ರಜೆ ಹಾಕಬೇಕು. ಅದಕ್ಕೇ ಶನಿವಾರ ಭಾನುವಾರದಲ್ಲಿ ಎಲ್ಲ ಮುಗಿಸೋಣ ಅಂತ ಲೆಕ್ಕ ಹಾಕಿದ್ದೆ. ಲಾರಿಯವರ ಲೆಕ್ಕ ಬೇರೆ ಇತ್ತು. ಬೆಳಿಗ್ಗೆ ಬರಬೇಕಾದ ಸಾಮಾನು ಭಾನುವಾರ ಕತ್ತಲಾದ ಮೇಲೆ ಬಂತು.

ಆ ರಾತ್ರಿ ಪೂರ್ತಿ ನನ್ನ ಜೊತೆ ಇದ್ದವರು ಡೇ ಕೇರ್‌ನಲ್ಲಿ ಕೆಲಸ ಮಾಡುವ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. ನಿಮ್ಮ ಮಕ್ಕಳು ದೊಡ್ಡಮ್ಮ ಅಂತ ಕರೆಯೋದು ಇವರನ್ನೇ. ಅವತ್ತು ಅವರಿಗೆ ರಜೆ, ನಾನು ಕರೆದೂ ಇರಲಿಲ್ಲ. "ಲಾರಿ ಬಂತಾ?" ಅಂತ ಫೋನ್ ಮಾಡಿದರು. ನನ್ನ ದನಿ ಕೇಳಿದವರೇ ಟಾರ್ಚ್ ಹಿಡಿದುಕೊಂಡು ಬಂದುಬಿಟ್ಟರು.

ನಾನು ಅಡುಗೆಮನೆ ಸಾಮಾನು ಬಿಚ್ಚುತ್ತಾ ಕೂತಿದ್ದೆ. "ಅದು ಬಿಡು, ಮಕ್ಕಳ ರೂಮು ಒಂದು ಆದ್ರೆ ಸಾಕು" ಅಂದರು. ಆಮೇಲೆ ಅಂಗೈ, ಮಂಡಿ ಊರಿ, ಮಗು ತೆವಳುವ ಹಾಗೇ ರೂಮಿನ ಸುತ್ತ ಹೊರಟರು. ಆ ಎತ್ತರದಿಂದ ಕಾಣೋದೇ ಬೇರೆ. ಗೋಡೆಯ ಬುಡದಲ್ಲಿ ಚೂಪಾದ ಮೊಳೆ. ಮಂಚದಿಂದ ಉದುರಿದ ಸ್ಕ್ರೂ. ಮೂಲೆಯಲ್ಲಿ ಒಂದು ಬಟನ್ ಸೆಲ್, ಅಂದರೆ ಬಿಲ್ಲೆಯಂಥ ಪುಟ್ಟ ಬ್ಯಾಟರಿ. ಅದನ್ನು ನೋಡಿ ಇಬ್ಬರಿಗೂ ಮಾತೇ ಹೊರಡಲಿಲ್ಲ. ಮಗು ಅದನ್ನು ನುಂಗಿ, ಗಂಟಲ ಕೆಳಗೆ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗೆಲ್ಲ ಸುಟ್ಟುಬಿಡಬಹುದು.

ಸಿಕ್ಕ ಸಣ್ಣಪುಟ್ಟ ಆಟಿಕೆಗಳನ್ನೆಲ್ಲ ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುತ್ತಲ್ಲ, ಆ ರಟ್ಟಿನ ಕೊಳವೆಯೊಳಗೆ ತೂರಿಸಿ ನೋಡುತ್ತಿದ್ದರು. ಅದರಲ್ಲಿ ತೂರಿದರೆ 3 ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅಂಥದ್ದೆಲ್ಲ ಆ ರೂಮಿನಿಂದ ಆಚೆ. ಬ್ಲೈಂಡ್ಸ್‌ನ ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ ಅಂತ ಮೇಲೆತ್ತಿ ಕಟ್ಟಿದರು. ಬಚ್ಚಲಿನ ಬಕೆಟ್ ಬೋರಲು ಹಾಕಿದರು. ಕಪಾಟನ್ನು ಗೋಡೆಗೆ ಬಿಗಿಯುವವರೆಗೂ ಅದರಲ್ಲಿ ಒಂದು ಪುಸ್ತಕ ಇಡಲೂ ಬಿಡಲಿಲ್ಲ. ಅಷ್ಟು ಹೊತ್ತಿನಲ್ಲಿ ಡ್ರಿಲ್ ಸದ್ದು ಸಹಿಸಿಕೊಂಡ ಪಕ್ಕದ ಮನೆಯವರಿಗೆ ದೊಡ್ಡ ನಮಸ್ಕಾರ.

ಮಧ್ಯರಾತ್ರಿ ದಾಟಿತ್ತು. ಮಕ್ಕಳ ಹಾಸಿಗೆ ಇದ್ದ ಬಾಕ್ಸ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಪಕ್ಕದ ರೂಮಲ್ಲಿ ನನ್ನ ಮಕ್ಕಳು ಬರೀ ನೆಲಕ್ಕೆ ಒಂದು ಬೆಡ್‌ಶೀಟ್ ಹಾಸಿಕೊಂಡು ಬಟ್ಟೆ ಮೂಟೆಗೆ ತಲೆಯಿಟ್ಟು ಮಲಗಿದ್ದರು. ಅವರನ್ನು ನೋಡಿದೆ, ತಡೆಯೋಕೆ ಆಗಲಿಲ್ಲ. ಅಲ್ಲೇ ಕುಸಿದು ಕೂತು ಅತ್ತೆ. ನನ್ನ ಕೈಲಿ ಆಗಲ್ಲ, ಎಲ್ಲ ಮುಚ್ಚಿಬಿಡ್ತೀನಿ ಅಂದೆ. ಸುಮ್ನೆ ಬಾಯಿಮಾತಿಗೆ ಅಂದಿದ್ದಲ್ಲ. ತುಂಬಾ ದಿನದಿಂದ ಒಳಗೇ ಇದ್ದ ಮಾತು ಅದು.

ಅಕ್ಕ ಸಮಾಧಾನ ಮಾಡೋಕೆ ಬರಲಿಲ್ಲ. "ಮುಚ್ಚೋದಿದ್ರೆ ನಾಳೆ ಸಂಜೆ ಮುಚ್ಚು. ಬೆಳಿಗ್ಗೆ ಮಕ್ಕಳು ಬರ್ತಾವೆ" ಅಂದು ಮುಂದಿನ ಬಾಕ್ಸ್‌ಗೆ ಕೈ ಹಾಕಿದರು. ಅವರು ಆಗ ತಲೆ ಸವರಿದ್ದರೆ ನಾನು ಏಳುತ್ತಿರಲಿಲ್ಲ. ಎದ್ದೆ.

ಹಾಸಿಗೆಗಳು ಕೊನೆಗೂ ಸಿಕ್ಕವು. ಯಾರ ಹಾಸಿಗೆ ಯಾರ ಪಕ್ಕ ಅನ್ನೋದು ಹಳೇ ಮನೆಯಲ್ಲಿ ಹೇಗಿತ್ತೋ ಹಾಗೇ ಹಾಸಿದರು. ಹೊದಿಕೆ ಧೂಳಾಗಿದೆ, ಒಗೆಯೋಣ ಅಂದೆ. "ಕೊಡವಿದ್ರೆ ಸಾಕು. ಹಳೇ ವಾಸನೆ ಇರ್ಲಿ, ಅವಕ್ಕೆ ಗೋಡೆ ಹೊಸದಾಗಿರೋದೇ ಜಾಸ್ತಿ ಆಯ್ತು" ಅಂದರು. ತುಂಬಾ ಅಳುತ್ತಾನೆ ಅಂತ ನಾನು ಹೆದರಿದ್ದ ಪುಟ್ಟ ಹುಡುಗ ಸೋಮವಾರ ಮಧ್ಯಾಹ್ನ ತನ್ನ ಹೊದಿಕೆ ಮೂಸಿ ನೋಡಿದ. ಬೆರಳು ಬಾಯಿಗಿಟ್ಟುಕೊಂಡು ಮಲಗಿಯೇಬಿಟ್ಟ.

ಎಲ್ಲರೂ ಹಾಗೆ ಮಲಗಲಿಲ್ಲ ಬಿಡಿ. ಒಬ್ಬಳು ಹೊಸ ಟಾಯ್ಲೆಟ್ ಬೇಡವೇ ಬೇಡ ಅಂತ ಮತ್ತೆ ಡಯಾಪರ್‌ಗೆ ಬಂದಿದ್ದಾಳೆ. ಜಾಗ ಬದಲಾದಾಗ ಕಲಿತದ್ದನ್ನು ಸ್ವಲ್ಪ ದಿನ ಬಿಡೋದು ಮಾಮೂಲಿ. ಗದರಬೇಡಿ, ತಾನಾಗಿ ಸರಿಹೋಗುತ್ತೆ.

ಸಾಮಾನು ಹೊತ್ತ ತಮ್ಮ ಮತ್ತು ಅವನ ಸ್ನೇಹಿತರಿಗೆ, ಹಳೇ ಮನೆ ಗುಡಿಸಿ ಬೀಗದ ಕೈ ಕೊಟ್ಟು ಬಂದ ನನ್ನವರಿಗೆ, ಹೊಸ ಮನೆಯನ್ನು ಮಕ್ಕಳಿಗೆ ಮೊದಲೇ ತೋರಿಸಿಕೊಂಡು ಹೋಗಿ ಮೊದಲ ವಾರ ಬೇಗ ಬಂದು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರಿಗೆ ಥ್ಯಾಂಕ್ಸ್. (ನನ್ನವರಿಗೆ ಇಷ್ಟೇನಾ ಅಂತ ಕೇಳಬೇಡಿ, ಅವರಿಗೆ ಮನೆಯಲ್ಲೇ ಹೇಳಿದ್ದೇನೆ.)

ಅಕ್ಕನಿಗೆ ಸಂಬಳದ ಜೊತೆ ಸ್ವಲ್ಪ ಜಾಸ್ತಿ ಕೊಡೋಕೆ ಹೋದೆ, ಎಣಿಸಿ ವಾಪಸ್ ಇಟ್ಟರು. ದುಡ್ಡಿನ ಬದಲು ರಜೆ ಕೇಳಿದರು. ಹಾಗಾಗಿ ಮುಂದಿನ ವಾರ ಅವರು ಬರುವುದಿಲ್ಲ, ನನ್ನ ತಂಗಿ ಇರುತ್ತಾಳೆ. ದೊಡ್ಡಮ್ಮ ಎಲ್ಲಿ ಅಂತ ಮಕ್ಕಳು ಕೇಳಿದರೆ, ಮಗಳ ಮನೆಗೆ ಹೋಗಿದ್ದಾರೆ, ಬರ್ತಾರೆ ಅಂತ ಹೇಳಿ. ಮತ್ತೆ, ಹೋಗುವಾಗ ಗೇಟಿನ ಮೇಲಿನ ಚಿಲಕವನ್ನೂ ಹಾಕಿ. ಕೆಳಗಿನದನ್ನು ತೆಗೆಯೋದು ನಿಮ್ಮ ಮಕ್ಕಳು ಆಗಲೇ ಕಲಿತಾಗಿದೆ.